ಥೈರಾಮ್ ಎಂಬ ಶಿಲೀಂಧ್ರನಾಶಕ ಹಚ್ಚಿದ ಸೋಯಾ ಬೀಜಕ್ಕೆ ರೈಜೋಬಿಯಂ ಜೀವಾಣು ನಡೆಯುತ್ತದಾ? ಜಿಂಕ್ ಯಾವಾಗ ಹಾಕಬೇಕು?

ಎರೆಹೊಲ_ಭಾಲ್ಕಿ:
ಎರೆ ಭೂಮಿ, ಪಿಎಚ್ 8.2. ಮಣ್ಣು ಪರೀಕ್ಷೆಯಲ್ಲಿ ಜಿಂಕ್, ಗಂಧಕ ಎರಡೂ ಕಡಿಮೆ. ಜೆಎಸ್-335 ತಳಿಯ ಸೋಯಾ ಬೀಜ, ಚೀಲದಲ್ಲೇ ಥೈರಾಮ್ ಹಚ್ಚಿ ಬಂದಿದೆ. ಅದರ ಮೇಲೆ ರೈಜೋಬಿಯಂ (ಬೇರುಗಂಟಲ್ಲಿ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಜೀವಾಣು) ಹಚ್ಚಲೇ? ಜಿಂಕ್ ಸಲ್ಫೇಟನ್ನು ರಂಜಕದ ಗೊಬ್ಬರವಾದ ಡಿಎಪಿ ಜತೆ ಕಲಸಬಹುದಾ?

ಬೇರುಗಂಟು:
ಥೈರಾಮ್ ಇರುವುದು ಶಿಲೀಂಧ್ರ ಕೊಲ್ಲಲು, ಆದರೆ ರೈಜೋಬಿಯಂಗೂ ಕಂಟಕವಾಗಬಹುದು. ಆ ಬೀಜಕ್ಕೆ ಹಚ್ಚುವುದು ಬಿಡಿ, ಜೀವಾಣುವನ್ನು ಮಣ್ಣಿಗೇ ಕೊಡಿ: ಎಕರೆಗೆ 2 ಕೆಜಿ ರೈಜೋಬಿಯಂ, 50–100 ಕೆಜಿ ಜರಡಿ ಹಿಡಿದ, ತೇವವಿರುವ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಬಿತ್ತುವ ಸಾಲಿಗೆ ಬೀಳುವಂತೆ ಸಂಜೆ ಹೊತ್ತು ಹಾಕಿ. ಪೊಟ್ಟಣದ ಮೇಲೆ ಬ್ರಾಡಿರೈಜೋಬಿಯಂ ಜಪಾನಿಕಮ್ (ಸೋಯಾಕ್ಕೆ ಹೊಂದುವ ಜಾತಿ) ಎಂದಿರಲಿ. ಕಡಲೆಯದ್ದು ತಂದರೆ ಸೋಯಾ ಬೇರಿಗೆ ಗಂಟು ಕಟ್ಟದು. ಅವಧಿ ಮುಗಿದದ್ದು, ಅಂಗಡಿಯ ಬಿಸಿಲಲ್ಲಿ ಇಟ್ಟದ್ದು ಬರೀ ಪುಡಿ.

ಹಚ್ಚದ ಬೀಜ ಸಿಕ್ಕರೆ 30 ಕೆಜಿಗೆ 500 ಗ್ರಾಂ ಸಾಕು. ಬೆಲ್ಲದ ನೀರು ಕುದಿಸಿ ಪೂರ್ತಿ ಆರಿಸಿ, ಅಂಟುವಷ್ಟೇ ಚಿಮುಕಿಸಿ. ಸೋಯಾ ಸಿಪ್ಪೆ ತೆಳು, ನೀರು ಹೆಚ್ಚಾದರೆ ಸುಕ್ಕುಗಟ್ಟಿ ಬಿರಿಯುತ್ತದೆ, ಜೋರಾಗಿ ಉಜ್ಜಿದರೂ ಅಷ್ಟೇ. ನೆರಳಲ್ಲಿ ಆರಿಸಿ ಅಂದೇ ಬಿತ್ತಿ. ರೋಗಕ್ಕೆ ಥೈರಾಮ್ ಬದಲು ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯುವ ಒಳ್ಳೆಯ ಶಿಲೀಂಧ್ರ) ಹಚ್ಚಬಹುದು.

ಮಣ್ಣು_ಮಾತು:
ಡಿಎಪಿ ಜತೆ ಜಿಂಕ್ ಬೇಡವೇ ಬೇಡ. ಡಿಎಪಿಯ ರಂಜಕ ಜಿಂಕನ್ನು ಹಿಡಿದಿಟ್ಟುಕೊಂಡರೆ ಬೇರಿಗೆ ಸಿಗದು. ಕೊನೆಯ ಹರಗುವಿಕೆಗೆ ಮುಂಚೆ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟನ್ನು ಗೊಬ್ಬರದಲ್ಲಿ ಕಲಸಿ ಹರಡಿ. ಪ್ರತಿವರ್ಷ ಬೇಕಿಲ್ಲ. ಗಂಧಕಕ್ಕೆ ಡಿಎಪಿ ಬಿಟ್ಟು ಎಕರೆಗೆ ಸೂಪರ್ ಫಾಸ್ಫೇಟ್ 200 ಕೆಜಿ ಹಾಕಿದರೆ 32 ಕೆಜಿ ರಂಜಕದ ಜತೆ ಸುಮಾರು 22 ಕೆಜಿ ಗಂಧಕವೂ ಬರುತ್ತದೆ. ಬಿತ್ತುವಾಗ ಯೂರಿಯಾ ಎಕರೆಗೆ 30–35 ಕೆಜಿ ದಾಟಬೇಡಿ. ಸಾರಜನಕ ಸುಲಭಕ್ಕೆ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಎರೆಹೊಲ_ಭಾಲ್ಕಿ:
ಮಾಲಿಬ್ಡಿನಂ ಎಂಬ ಸೂಕ್ಷ್ಮ ಪೋಷಕವನ್ನು ಬೀಜಕ್ಕೆ ಹಚ್ಚಿ ಅಂತಾರಲ್ಲ?

ಮಣ್ಣು_ಮಾತು:
ಅದು ಹುಳಿ ಮಣ್ಣಿಗೆ. ನಿಮ್ಮ ಕ್ಷಾರ ಮಣ್ಣಲ್ಲಿ ದುಡ್ಡು ದಂಡ. ನಿಮಗೆ ಕಾಡುವುದು ಕಬ್ಬಿಣದ ಕೊರತೆ. ಮಳೆ ನಿಂತು ನೀರು ಬಸಿಯದಿದ್ದರೆ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. 200 ಲೀಟರಿಗೆ 1 ಕೆಜಿ ಫೆರಸ್ ಸಲ್ಫೇಟ್, 200 ಗ್ರಾಂ ಸಿಟ್ರಿಕ್ ಆಮ್ಲ ಸಿಂಪಡಿಸಿ. ಮೊದಲು ಬಸಿಗಾಲುವೆ ತೆಗೆಯಿರಿ, ಇಲ್ಲವೆಂದರೆ ಸಿಂಪಡಿಸಿದ್ದು ವಾರಕ್ಕೇ ಮುಗಿಯಿತು. ಹಳೆ ಎಲೆ ಹಳದಿಯಾದರೆ ಸಾರಜನಕದ ಕೊರತೆ. ಅಲ್ಲಲ್ಲಿ ಮಚ್ಚೆಮಚ್ಚೆ ಹಳದಿ ಇದ್ದರೆ ಬಿಳಿನೊಣ ತರುವ ಮೊಸಾಯಿಕ್ ರೋಗ, ಯಾವ ಗೊಬ್ಬರಕ್ಕೂ ಬಗ್ಗದು.

ಬೇರುಗಂಟು:
35 ದಿನಕ್ಕೆ ನಾಲ್ಕೈದು ಕಡೆ ಗಿಡ ಅಗೆದು ನೋಡಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ಗಂಟು ಕತ್ತರಿಸಿದಾಗ ಒಳಗೆ ಗುಲಾಬಿ ಇದ್ದರೆ ಕೆಲಸ ನಡೆದಿದೆ, ಬಿಳಿ ಅಥವಾ ಹಸಿರಿದ್ದರೆ ಇಲ್ಲ. ಆಗ ರೈಜೋಬಿಯಂ ಹಾಕಿ ಪ್ರಯೋಜನವಿಲ್ಲ, ಹೂ ಬರುವ ಹೊತ್ತಿಗೆ ಶೇ 2ರ ಯೂರಿಯಾ ಸಿಂಪಡಿಸಿ.