ಅಪ್‌ಡೇಟ್: ರಸ್ಟ್ ಟೆಸ್ಟ್ ಫೈಲಿನಲ್ಲಿ ಒಂದೇ ಸಾಲಿಗೆ ಎರಡು ಎರರ್, ದಾರಿ ಸಿಕ್ತು

ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್‌ನ ಯುಐ ಟೆಸ್ಟಿನಲ್ಲಿ (ಕಂಪೈಲರ್ ಸರಿಯಾದ ಎರರ್ ಸಂದೇಶ ಕೊಡುತ್ತಾ ಅಂತ ನೋಡೋ ಪರೀಕ್ಷೆ) ಒಂದೇ ಸಾಲಿಗೆ ಎರಡು ಎರರ್ ಬಂದ್ರೆ, ಇಲ್ಲಿ ಈ ಎರರ್ ಬರಬೇಕು ಅನ್ನೋ ಗುರುತು ಹಾಕೋದು ಹೇಗೆ ಅಂತ ಕೇಳಿದ್ದೆನಲ್ಲ, ಈಗ ಟೆಸ್ಟ್ ಪಾಸಾಯ್ತು.

ಕೈ ಹಿಡಿದದ್ದು ಇಲ್ಲೇ ಪುಣೆಯ ಕೊಥ್ರೂಡ್‌ನಲ್ಲಿರೋ ನಮ್ಮ ಹುಬ್ಬಳ್ಳಿ ಅಣ್ಣಾರ ಸಲಹೆ. ಎರರ್ ಬರೋ ಸಾಲಿನ ಕೆಳಗೆ `//~^` ಹಾಕಿ, ಮುಂದೆ `ERROR` ಅನ್ನೋ ಪದ, ಆಮೇಲೆ ಸಂದೇಶದ ಒಂದು ತುಣುಕು. ಪೂರ್ತಿ ಸಂದೇಶ ಬೇಕಿಲ್ಲ. ಒಂದು ಕ್ಯಾರೆಟ್ (`^`) ಅಂದ್ರೆ ಒಂದು ಸಾಲು ಮೇಲೆ, ಎರಡು ಹಾಕಿದ್ರೆ ಎರಡು ಸಾಲು. ಎರಡನೇ ಎರರ್‌ಗೆ ಅದರ ಕೆಳಗೇ `//~|`. ಮೇಲಿನ ಗುರುತು ಯಾವ ಸಾಲಿಗೋ ಇದೂ ಅದಕ್ಕೇ. ಕ್ಯಾರೆಟ್ ಎಣಿಸೋ ತಲೆನೋವೇ ಇಲ್ಲ, ನನಗಂತೂ ಬಹಳ ಹಿಡಿಸ್ತು.

ಟೆಸ್ಟ್ ಓಡಿಸುವಾಗ `--bless` ಆಯ್ಕೆ ಕೊಟ್ರೆ ಸಾಕು ಅಂದಿದ್ರು ಕೆಲವರು. ಅದು ನಡೀಲಿಲ್ಲ. ಅದು ಪಕ್ಕದಲ್ಲಿರೋ, ಬರಬೇಕಾದ ಔಟ್‌ಪುಟ್ ಬರೆದಿಟ್ಟ `.stderr` ಥರದ ಫೈಲುಗಳನ್ನಷ್ಟೇ ಹೊಸದು ಮಾಡುತ್ತೆ, ಟೆಸ್ಟ್ ಫೈಲಿನೊಳಗಿನ ಗುರುತುಗಳನ್ನ ನಾವೇ ಬರೀಬೇಕು.

ಗೊತ್ತಿಲ್ಲದೇ ಇದ್ದ ಇನ್ನೊಂದು ಸಂಗತಿ: ಫೈಲಿನಲ್ಲಿ ಒಂದೇ ಒಂದು ನೋಟ್‌ಗೆ (ಎರರ್ ಜೊತೆ ಕಂಪೈಲರ್ ಕೊಡೋ ಹೆಚ್ಚಿನ ವಿವರಣೆ) ಗುರುತು ಹಾಕಿದ್ರೂ ಉಳಿದ ಎಲ್ಲಾ ನೋಟ್‌ಗಳಿಗೂ ಹಾಕಲೇಬೇಕು, ಇಲ್ಲಾಂದ್ರೆ ಟೆಸ್ಟ್ ಫೇಲ್. ನನ್ನ ಪರೀಕ್ಷೆಗೆ ನೋಟ್ ಮುಖ್ಯವಲ್ಲ, ಹಾಗಾಗಿ ಆ ಗುರುತು ತೆಗೆದುಬಿಟ್ಟೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.