ಜಾತ್ರೆಯಲ್ಲಿ ನಮ್ಮ ಕಾವಲಿನ ಫೋಟೋ ಹಾಕ್ತಿದ್ದೇನೆ, ಸುಟ್ಟ ಮೊಟ್ಟೆಯದ್ದು ಹಾಕಬೇಕಾ ಬೇಡವಾ?

ಜಗಳೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮೇಷ್ಟ್ರು. ಆರು ವರ್ಷದಿಂದ ಹಕ್ಕಿ, ಪ್ರಾಣಿಗಳ ಫೋಟೋ ತೆಗೆಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಒಂದು 70-300 ಲೆನ್ಸ್, ಅಷ್ಟೇ. ಊರ ಪಕ್ಕದ ಕುರುಚಲು ಗುಡ್ಡ, ಹುಲ್ಲಿನ ಕಾವಲು ಬಿಟ್ಟು ಬೇರೆ ಕಡೆ ಹೋಗಿದ್ದು ಕಡಿಮೆ.

ಯುಗಾದಿ ಕಳೆದ ಮೇಲೆ ನಮ್ಮೂರ ಜಾತ್ರೆ. ಗುಡಿ ಪಕ್ಕದ ಪಡಸಾಲೆಯಲ್ಲಿ ಮೂವತ್ತು ಫೋಟೋ ತೂಗುಹಾಕಲು ಹಿರಿಯರು ಒಪ್ಪಿದ್ದಾರೆ. ನನಗಿರುವುದು ಒಂದೇ ಆಸೆ. ಪ್ರತಿ ಬೇಸಿಗೆ ಈ ಹುಲ್ಲಿಗೆ ಬೆಂಕಿ ಬೀಳುತ್ತದೆ, ಅದು ನಿಲ್ಲಬೇಕು. ಯಾರೂ ಕೆಟ್ಟ ಮನಸ್ಸಿನಿಂದ ಹಚ್ಚುವುದಿಲ್ಲ. ಒಣಹುಲ್ಲು ಸುಟ್ಟರೆ ಮಳೆ ಬಿದ್ದ ಕೂಡಲೇ ಎಳೆಹುಲ್ಲು ಚಿಗುರುತ್ತದೆ ಅನ್ನುವ ಲೆಕ್ಕ. ಕೆಲವು ಸಲ ಬೀಡಿ ತುಂಡೇ ಸಾಕು.

ಆದರೆ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೂ ಅದೇ ಕಾಲ. ಹೋದ ವರ್ಷ ಏಪ್ರಿಲ್‌ನಲ್ಲಿ ಸುಟ್ಟ ಜಾಗದಲ್ಲಿ ನಡೆಯುತ್ತಿದ್ದೆ. ಒಂದು ಟಿಟ್ಟಿಭ ನನ್ನ ತಲೆ ಮೇಲೇ ಸುತ್ತುತ್ತಾ ಕೂಗುತ್ತಿತ್ತು. ಬಗ್ಗಿ ನೋಡಿದರೆ ಬೂದಿಯಲ್ಲಿ ನಾಲ್ಕು ಮೊಟ್ಟೆ. ಅದು ಜೋಡಿಸುವುದೇ ಹಾಗೆ, ಚೂಪು ತುದಿ ನಾಲ್ಕೂ ಒಳಗಡೆಗೆ. ಜೋಡಣೆ ಒಂಚೂರೂ ಕದಲಿರಲಿಲ್ಲ. ಮೂರು ಕಪ್ಪಾಗಿದ್ದವು, ಒಂದು ಬಿರಿದಿತ್ತು. ವಾರದ ಹಿಂದೆ ಅದೇ ಗೂಡನ್ನು ದೂರದಿಂದ ತೆಗೆದಿದ್ದೆ, ತಾಯಿ ಕಾವಿಗೆ ಕೂತಿತ್ತು. ಸುಟ್ಟ ಮೇಲಿನದ್ದನ್ನೂ ತೆಗೆದೆ. ಇವತ್ತಿನವರೆಗೂ ಯಾರಿಗೂ ತೋರಿಸಿಲ್ಲ.

ಊರಿನವರೊಬ್ಬರು "ಹುಲಿ, ಆನೆ ಹಾಕಿ ಮೇಷ್ಟ್ರೇ, ಜನ ನಿಂತು ನೋಡ್ತಾರೆ" ಅಂದರು. ನನ್ನ ಹತ್ತಿರ ಹುಲಿ ಇಲ್ಲ. ಚಂದದ್ದಷ್ಟೇ ಹಾಕಲಾ? ಸುಟ್ಟದ್ದೂ ಇರಲಾ? ಫೋಟೋ ಕೆಳಗೆ ಜಾಗದ ಹೆಸರು ಬರೆಯಲಾ? ಅನುಭವ ಇದ್ದವರು ಹೇಳಿ.

ದಾವಣಗೆರೆ ಸ್ಟುಡಿಯೋ

ಸರ್, ನನ್ನದು ಮದುವೆ ಫೋಟೋ ಕೆಲಸ. ಭಾನುವಾರ ಬಿಡುವಿದ್ದರೆ ಕೊಂಡಜ್ಜಿ ಕೆರೆ ಕಡೆ ಹೋಗುತ್ತೇನೆ.

ಮೊದಲು ಹುಲಿ ವಿಷಯ. ನಿಮ್ಮ ತಾಲ್ಲೂಕಿನ ರಂಗಯ್ಯನದುರ್ಗ ಕಾಡನ್ನು 2011ರಲ್ಲಿ ಕೊಂಡುಕುರಿಗೆಂದೇ ವನ್ಯಧಾಮ ಮಾಡಿದ್ದಾರೆ. ಸುಮಾರು 77 ಚದರ ಕಿಲೋಮೀಟರ್. ನಾಲ್ಕು ಕೊಂಬು ಇರುವ ಕಾಡುಪ್ರಾಣಿ ಪ್ರಪಂಚದಲ್ಲಿ ಅದೊಂದೇ. ಗಂಡಿಗೆ ಕಿವಿ ಹತ್ತಿರ ಎರಡು, ಹಣೆ ಮೇಲೆ ಗಿಡ್ಡದಾಗಿ ಇನ್ನೆರಡು. ಭಾರತ, ನೇಪಾಳ ಬಿಟ್ಟರೆ ಎಲ್ಲೂ ಇಲ್ಲ. ಅದು ನಿಮ್ಮ ಮನೆ ಹಿಂದೆ ಇದೆ! ಮಸುಕಾಗಿ ಬಂದಿದ್ದರೂ ಪರವಾಗಿಲ್ಲ, ಅದನ್ನೇ ಬಾಗಿಲ ಎದುರು ಹಾಕಿ.

ಫೋಟೋದಿಂದ ಏನಾಗುತ್ತೆ ಅಂತ ನಿಮಗೆ ಅನುಮಾನ ಇದ್ದರೆ ಒಂದು ಮಾತು. ಅಮೆರಿಕದಲ್ಲಿ 1871ರಲ್ಲಿ ವಿಲಿಯಂ ಹೆನ್ರಿ ಜಾಕ್ಸನ್ ಅನ್ನುವವರು ಯೆಲ್ಲೋಸ್ಟೋನ್ ಫೋಟೋ ತೆಗೆದು ತಂದರು. ಅಲ್ಲಿನ ಸಂಸದರಿಗೆ ಅದನ್ನು ತೋರಿಸಿದರು. ಮರುವರ್ಷವೇ ಅದು ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಪಕ್ಕದ ಸಂಡೂರಿನಲ್ಲಿ ಎಂ.ವೈ. ಘೋರ್ಪಡೆ ಕಪ್ಪು ಬಿಳುಪಿನಲ್ಲಿ ತೆಗೆದ ಕಾಡುಪ್ರಾಣಿಗಳನ್ನು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. ಆದರೆ ನಿಮ್ಮ ಕೆಲಸ ಜಾಕ್ಸನ್‌ಗಿಂತ ಕಷ್ಟ. ಆ ಸಂಸದರು ಜಾಗ ಕಂಡವರೇ ಅಲ್ಲ. ನಿಮ್ಮೂರಿನವರು ದಿನಾ ಅದೇ ಕಾವಲು ದಾಟಿ ಹೊಲಕ್ಕೆ ಹೋಗುತ್ತಾರೆ.

ಫ್ಲೆಕ್ಸ್‌ನಲ್ಲಿ ಹಾಕಿಸಬೇಡಿ, ದಯವಿಟ್ಟು. ಹೊಳೆಯುತ್ತದೆ, ಜಾತ್ರೆ ಮುಗಿದ ಮೇಲೆ ಚರಂಡಿ ಸೇರುತ್ತದೆ. ಮ್ಯಾಟ್ ಪೇಪರ್, 12x18 ಸಾಕು. ಒಂದು ಸಾಲನ್ನು ಮಕ್ಕಳ ಎತ್ತರಕ್ಕೆ ಹಾಕಿ.

ದುರ್ಗದ ಹುಡುಗಿ

ಜಾಗದ ಹೆಸರು ಬರೆಯಬೇಡಿ ಸರ್. ಇದನ್ನು ನೋವಿನಿಂದಲೇ ಹೇಳ್ತಿದ್ದೇನೆ.

ಮೂರು ವರ್ಷದ ಹಿಂದೆ ಚಿತ್ರದುರ್ಗದ ಹೊರಗೆ ಒಂದು ಬಂಡೆ ಸಂದಿಯಲ್ಲಿ ಕೊಂಬಿನ ಗೂಬೆ ಮರಿ ಮಾಡಿತ್ತು. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ, ಬರಿ ಮಣ್ಣು, ಕಲ್ಲಿನ ಮೇಲೆ ಮೊಟ್ಟೆ ಇಡುತ್ತದೆ. ಬಿಳಿ ಹತ್ತಿಯ ಹಾಗೆ ಎರಡು ಮರಿ, ಕಿತ್ತಳೆ ಕಣ್ಣು. ಖುಷಿ ತಡೆಯಲಾಗದೆ ಜಾಗದ ಸಮೇತ ಹಾಕಿಬಿಟ್ಟೆ. ಆ ಶನಿವಾರ ನಾಲ್ಕು ಕಾರು ಬಂದವು. ಯಾರೋ ಅಡ್ಡ ಬರುತ್ತಿದ್ದ ಜಾಲಿ ಕೊಂಬೆ ಕಡಿದು ಹಾಕಿದ್ದರು. ನೆರಳು ಹೋಯಿತು. ನಾನು ಮುಂದಿನ ವಾರ ಹೋದಾಗ ಸಂದಿ ಖಾಲಿ. ಕಲ್ಲಿನ ಮೇಲೆ ಪುಕ್ಕ ಮಾತ್ರ ಇತ್ತು.

ಈಗ ಗೂಡಿನ ಫೋಟೋ ಹಾಕುವುದೇ ಇಲ್ಲ. ಮೊಬೈಲ್‌ನಲ್ಲಿ ತೆಗೆದರೆ ಲೊಕೇಶನ್ ಆಫ್ ಮಾಡಿರುತ್ತೇನೆ. ನೀವೂ ಗೂಡಿಗೆ ಎರಡನೇ ಸಲ ಹೋಗುವ ಮುಂಚೆ ಯೋಚಿಸಿ. ನಮ್ಮ ಹೆಜ್ಜೆ ಜಾಡು ಹಿಡಿದು ನಾಯಿ, ಮುಂಗುಸಿ ಬರುತ್ತವೆ.

ಚಳ್ಳಕೆರೆ ಕುರಿಹಟ್ಟಿ

ನಮ್ಮ ಅಪ್ಪ ಈಗಲೂ ಕುರಿ ಮೇಯಿಸುತ್ತಾರೆ. ಅವರ ಕಡೆಯಿಂದ ಎರಡು ಮಾತು.

ಕುರಿಗಾರರನ್ನು ಬೆಂಕಿ ಹಚ್ಚುವವರು ಅಂತ ಮಾತ್ರ ತೋರಿಸಬೇಡಿ. ಹುಲ್ಲು ಉಳಿಯಬೇಕು ಅನ್ನುವುದು ಎಲ್ಲರಿಗಿಂತ ಜಾಸ್ತಿ ಅವರಿಗೇ ಬೇಕು. ನಮ್ಮ ಕಡೆ ಅಮೃತಮಹಲ್ ಕಾವಲಿಗೆ, ಅಂದರೆ ಹಿಂದೆ ಮೈಸೂರು ಅರಸರು ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲಿಗೆ, ಬೇಲಿ ಬಂದಾಗ ಮೊದಲು ಕಷ್ಟಕ್ಕೆ ಬಿದ್ದವರು ಅವರೇ. ಹುಲ್ಲುಗಾವಲನ್ನು ಕಾಗದದಲ್ಲಿ ಬೀಳು ಅಂತ ಬರೆದರೆ ಯಾರಾದರೂ ಏನಾದರೂ ಕಟ್ಟಬಹುದು. ಅಲ್ಲಿ ಮರ ಇಲ್ಲ, ಅದಕ್ಕೇ ಕಾಡು ಅಂತ ಯಾರಿಗೂ ಅನ್ನಿಸುವುದಿಲ್ಲ. ತೋಳ, ಗುಳ್ಳೆನರಿ, ಕೃಷ್ಣಮೃಗ ಇರುವುದು ಅಲ್ಲೇ ಅಲ್ವಾ?

ನಾನಾದರೆ ಹೀಗೆ ಮಾಡುತ್ತಿದ್ದೆ. ಫೋಟೋ ಕೆಳಗೆ ಹೆಸರು ಬರೆಯುವ ಮುಂಚೆ ಊರಿನ ಹಳೆ ಕುರಿಗಾರರನ್ನು ಕೂರಿಸಿ ಎಲ್ಲ ತೋರಿಸಿ. ಅವರು ಏನಂತ ಕರೆಯುತ್ತಾರೋ ಅದನ್ನೇ ಬರೆಯಿರಿ. ಸುಟ್ಟ ಮೊಟ್ಟೆ ಹಾಕಬೇಕಾ ಅನ್ನುವುದನ್ನೂ ಅವರನ್ನೇ ಕೇಳಿ.

ಜಗಳೂರು ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಕೊನೆಯ ಮಾತು ಕೇಳಿ ನಿನ್ನೆ ಸಂಜೆ ಹಾಗೇ ಮಾಡಿದೆ.

ಎಪ್ಪತ್ತು ದಾಟಿದ ಒಬ್ಬ ಅಜ್ಜ ಬಂದಿದ್ದರು. ಜಗುಲಿ ಮೇಲೆ ಒಂದೊಂದೇ ಫೋಟೋ ಇಟ್ಟೆ. ಹನ್ನೆರಡು ಹಕ್ಕಿಗೆ ಹೆಸರು ಹೇಳಿದರು, ಅದರಲ್ಲಿ ಐದು ನಾನು ಕೇಳಿಯೇ ಇರಲಿಲ್ಲ. ಸುಟ್ಟ ಮೊಟ್ಟೆಯ ಫೋಟೋ ಕೊಟ್ಟಾಗ "ಇದೇನು, ಬೆಣಚುಕಲ್ಲಾ?" ಅಂದರು. ನಾನು ಮಾತಾಡಲಿಲ್ಲ, ತಾಯಿ ಕೂತಿದ್ದ ಫೋಟೋ ಪಕ್ಕಕ್ಕಿಟ್ಟೆ. ಕನ್ನಡಕ ತೆಗೆದು ಪಂಚೆ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಎರಡನ್ನೂ ಬಹಳ ಹೊತ್ತು ನೋಡಿದರು. "ಯಾವ ಕಡೆ?" ಅಂದರು.

ಜಾಗ ಹೇಳಬೇಡಿ ಅಂತ ನೀವು ಬರೆದದ್ದು ನೆನಪಿತ್ತು. ಆದರೂ ಅವರಿಗೆ ಹೇಳಿದೆ. ದಿನಾ ಅಲ್ಲಿ ಓಡಾಡುವವರು ಅವರೇ. "ಈ ಸಲ ಆ ಮಗ್ಗುಲಿಗೆ ಬೆಂಕಿ ಬೀಳದ ಹಾಗೆ ನಾನು ನೋಡ್ಕೊತೀನಿ, ನಮ್ಮ ಹುಡುಗರಿಗೂ ಹೇಳ್ತೀನಿ" ಅಂದರು.

ಎರಡೂ ಫೋಟೋ ಪಕ್ಕಪಕ್ಕ ಹಾಕುತ್ತಿದ್ದೇನೆ, ಜಾಗದ ಹೆಸರಿಲ್ಲದೆ. ಸ್ಟುಡಿಯೋದವರೇ, ಮೂವತ್ತು ಪ್ರಿಂಟ್‌ಗೆ ಎಷ್ಟಾಗುತ್ತೆ ಅಂತ ಮೆಸೇಜ್ ಮಾಡಿ. ಕೊಂಡುಕುರಿಯ ಫೋಟೋ ಒಂದೇ ಇದೆ, ಬೆನ್ನು ತಿರುಗಿಸಿ ನಿಂತಿದೆ. ಅದನ್ನೇ ದೊಡ್ಡದಾಗಿ ಮಾಡಿಕೊಡಿ.