'ಶ್ಯಾಮಲೇ ಮೀನಾಕ್ಷಿ' ಮತ್ತು 'ಟ್ವಿಂಕಲ್ ಟ್ವಿಂಕಲ್' ಒಂದೇ ಧಾಟಿ! ಹೇಗೆ?

ಹೊಸ ಕೇಳುಗ:
ಮಗಳಿಗೆ ಈ ವಾರ ಸಂಗೀತ ಪಾಠದಲ್ಲಿ 'ಶ್ಯಾಮಲೇ ಮೀನಾಕ್ಷಿ' ಹೇಳಿಕೊಟ್ಟಿದ್ದಾರೆ. ಅವಳು ಮನೆಯಲ್ಲಿ ಹಾಡಿದ್ದೇ ತಡ, ಚಿಕ್ಕವನು 'ಟ್ವಿಂಕಲ್ ಟ್ವಿಂಕಲ್' ಅಂತ ಜೊತೆಗೂಡಿದ. ಒಂದು ಸ್ವರವೂ ಆಚೀಚೆ ಇಲ್ಲ. ಬರೆದವರು ಕರ್ನಾಟಕ ಸಂಗೀತದ ಮುತ್ತುಸ್ವಾಮಿ ದೀಕ್ಷಿತರಂತೆ. ಅಂಥ ದೊಡ್ಡವರಿಗೆ ಇಂಗ್ಲಿಷ್ ಟ್ಯೂನ್ ಯಾಕೆ ಬೇಕಾಯಿತು?

ಪಿಯಾನೋ ಪ್ರಿಯ:
ಇಂಗ್ಲಿಷಿನದಲ್ಲ, ಮೂಲತಃ ಫ್ರೆಂಚ್ ಧಾಟಿ. ಮೊಜಾರ್ಟ್ ಕೂಡ ಇದನ್ನೇ ಇಟ್ಟುಕೊಂಡು ಪಿಯಾನೋಗೆ 12 ವೇರಿಯೇಷನ್ ಬರೆದಿದ್ದಾನೆ. ದೀಕ್ಷಿತರೊಬ್ಬರನ್ನೇ ಕೇಳಬೇಡಿ!

ತಡವಾಗಿ ವೀಣೆ ಹಿಡಿದವಳು:
ದೀಕ್ಷಿತರು ಅಂದರೆ ನಾನು ಸುಮ್ಮನಿರುವವಳಲ್ಲ, ಸ್ವಲ್ಪ ಉದ್ದ ಆಗುತ್ತೆ.

ಹುಟ್ಟಿದ್ದು ತಿರುವಾರೂರಿನಲ್ಲಿ. ಅಪ್ಪ ರಾಮಸ್ವಾಮಿ ದೀಕ್ಷಿತರು ಹಂಸಧ್ವನಿ ರಾಗವನ್ನು ಕೊಟ್ಟವರು. ಆಮೇಲೆ ಮನೆಮಂದಿಯೆಲ್ಲ ಮದ್ರಾಸಿನ ಹತ್ತಿರದ ಮಣಲಿಗೆ ಬಂದರು, ಅಲ್ಲಿನ ಮುದಲಿಯಾರರ ಆಶ್ರಯಕ್ಕೆ. ಪಕ್ಕದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಕೋಟೆ, ಅಲ್ಲಿ ಬ್ಯಾಂಡ್. ತಮ್ಮ ಬಾಲುಸ್ವಾಮಿ ಪಿಟೀಲು ಕಲಿತರು. ಅಣ್ಣ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದರು. ಇವೇ ನೊಟ್ಟುಸ್ವರಗಳು, ಸುಮಾರು 40 ಇವೆ. 'ಸಂತತಂ ಪಾಹಿ ಮಾಂ' ಬ್ರಿಟಿಷರ ರಾಷ್ಟ್ರಗೀತೆಯ ಧಾಟಿ. ಅವರು ರಾಜನನ್ನು ಕಾಪಾಡಪ್ಪ ಅಂತಾರೆ, ಇವರು ನನ್ನನ್ನು ಕಾಪಾಡಮ್ಮ ಅಂತಾರೆ. ನನಗೆ ಪ್ರತಿ ಸಲವೂ ನಗು ಬರುತ್ತೆ.

ಆದರೆ ಬ್ಯಾಂಡಿನ ಪ್ರಭಾವ ಇಷ್ಟಕ್ಕೇ ನಿಂತಿತು ಅನ್ನಿಸುತ್ತೆ. ಒಳಗೆ ಇಳಿದದ್ದು ಕಾಶಿ. ಚಿದಂಬರನಾಥ ಯೋಗಿಗಳು ಅವರನ್ನು ಕರೆದುಕೊಂಡು ಹೋದರು. ಅಲ್ಲಿ ಕೆಲವು ವರ್ಷ ಇದ್ದರು. ಉತ್ತರದ ಹಳೆಯ ಗಾಯನಶೈಲಿಯಾದ ಧ್ರುಪದದ ಆ ನಿಧಾನ, ಆ ಗಾಂಭೀರ್ಯ ಅವರ ಕೃತಿಗಳಲ್ಲಿ ಕೇಳಿಸುತ್ತೆ. ದ್ವಿಜಾವಂತಿ ರಾಗದ 'ಚೇತಃ ಶ್ರೀ ಬಾಲಕೃಷ್ಣಂ', ಯಮುನಾ ಕಲ್ಯಾಣಿಯ 'ಜಂಬೂಪತೇ' ಕೇಳಿ ನೋಡಿ.

ನನಗೆ ಇದು ಬೆರಳಿನಿಂದ ಗೊತ್ತಾಯಿತು. ನೊಟ್ಟುಸ್ವರಕ್ಕೂ ಶಂಕರಾಭರಣ ರಾಗಕ್ಕೂ ಸ್ವರಗಳು ಒಂದೇ. ನೊಟ್ಟುಸ್ವರದಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿಸಿ ಎಳೆಯುವುದು, ಇಲ್ಲ. ವೀಣೆಯ ಮೆಟ್ಟಿಲ ಮೇಲೆ ಬೆರಳಿಟ್ಟು ಮೀಟಿದರೆ ಮುಗಿಯಿತು, ಎರಡು ದಿನದಲ್ಲಿ ಬಂತು. ಅದೇ ಧೈರ್ಯದಲ್ಲಿ ಶಂಕರಾಭರಣದ 'ಅಕ್ಷಯಲಿಂಗ ವಿಭೋ' ಶುರು ಮಾಡಿದೆ. ಮೊದಲ ಸಾಲಿಗೇ ಮೂರು ವಾರ! ಒಂದೇ ಮೀಟಿನಲ್ಲಿ ತಂತಿ ಎಳೆದು ಗಮಕ ತುಂಬಬೇಕು, ಕಾಲ ಬೇರೆ ನಿಧಾನ. ಎಡಗೈ ಬೆರಳಲ್ಲಿ ಗೆರೆ ಬಿತ್ತು. ದೀಕ್ಷಿತರು ಸ್ವತಃ ವೈಣಿಕರು ನೋಡಿ, ನಮ್ಮಂಥವರ ಮೇಲೆ ಕರುಣೆ ಇಲ್ಲ.

ರಾಗ ಹುಡುಕುವವ:
ರಾಗಗಳನ್ನು ಮೇಳಗಳಾಗಿ ವಿಂಗಡಿಸಿದ ಹಳೆಯ ಶಾಸ್ತ್ರಕಾರ ವೆಂಕಟಮಖಿಯ ಪರಂಪರೆಯನ್ನೂ ಸೇರಿಸಿ. ಬೇರೆಯವರು ಮುಟ್ಟದ ಎಷ್ಟೋ ರಾಗಗಳು ಇವರ ಕೃತಿಯಿಂದಲೇ ಉಳಿದವು. 1904ರಲ್ಲಿ ಅದೇ ಮನೆತನದ ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಸ್ವರ ಹಾಕಿ ಅಚ್ಚು ಮಾಡಿಸದಿದ್ದರೆ ಅರ್ಧ ಹೋಗಿಬಿಡುತ್ತಿತ್ತು.

ಹೊಸ ಕೇಳುಗ:
ಥ್ಯಾಂಕ್ಸ್ ಮೇಡಂ. 'ಅಕ್ಷಯಲಿಂಗ ವಿಭೋ' ಹಾಕಿದೆ. ಚಿಕ್ಕವನು ಐದು ನಿಮಿಷ ಕೇಳಿ, 'ಇದರಲ್ಲಿ ಟ್ವಿಂಕಲ್ ಯಾವಾಗ ಬರುತ್ತೆ?' ಅಂದ. ಇದು ಯಾವ ತಾಳ?

ತಡವಾಗಿ ವೀಣೆ ಹಿಡಿದವಳು:
ಮಿಶ್ರಛಾಪು, ಏಳೆಣಿಕೆಯದು. ಎಣಿಸೋಕೆ ಹೋಗಬೇಡಿ, ಮೊದಲು ಕೇಳಿ.